ಮೂವತ್ತಾರು ಪದರದ ಉಡುಗೊರೆ

ಇಂದ,
ತಮ್ಮ ಮಾವ, ಗಾರೆ ಕೆಲಸದವನು.

ಗೆ,
ಹೊಸ ಅಳಿಯಂದಿರು, ಬೀಗ ರಿಪೇರಿ ಅಂಗಡಿ.

ವಿಷಯ: ರಜೆಯ ಉಡುಗೊರೆಯನ್ನು ಬಿಚ್ಚದೆ ಇರುವ ಬಗ್ಗೆ.

ಉಲ್ಲೇಖ: ಭಾನುವಾರ ಊಟಕ್ಕೆ ಕೂತಾಗ ತಾವು ಆಡಿದ ಮಾತು.

ಮಾನ್ಯ ಅಳಿಯಂದಿರೇ,

ಕೆಳಗೆ ಬರೆದದ್ದೆಲ್ಲ ನಡೆದದ್ದೇ. ಸುಳ್ಳಾದರೆ ನಾನು ಕಟ್ಟಿದ ಗೋಡೆಗಳೆಲ್ಲ ಬಿದ್ದುಹೋಗಲಿ. ಒಂದೆರಡು ಆಗಲೇ ಬಿದ್ದಿವೆ, ಅವನ್ನು ಲೆಕ್ಕಕ್ಕೆ ಹಿಡಿಯಬಾರದು.

೧. ರಜೆ ಬಂದರೆ ಪ್ರತಿ ಮನೆಯವರೂ ಸರದಿಯಲ್ಲಿ ಮುಂದಿನ ಮನೆಗೆ ಉಡುಗೊರೆ ಕೊಡಬೇಕು, ಕೊಟ್ಟವರ ಎದುರು ಬಿಚ್ಚಬಾರದು ಎಂಬುದು ನಮ್ಮ ದೊಡ್ಡಕ್ಕನ ಕಾನೂನು. ನಾವು ಒಡಹುಟ್ಟಿದವರದು ಒಟ್ಟು ಏಳು ಮನೆ. ಒಂದು ವರ್ಷ ನಾನು ಜಂಬಕ್ಕೆ ಸಾಲ ಮಾಡಿ ಗೋಡೆ ಗಡಿಯಾರ ಕೊಟ್ಟೆ. ಅದರಿಂದ ನನ್ನ ಸೈಕಲ್ಲು ಹದಿನಾಲ್ಕು ತಿಂಗಳು ಸಾಲ ಕೊಟ್ಟವನ ಮನೆಯಲ್ಲಿ ಒತ್ತೆ ಇತ್ತು. ಅವನು ಅದರಲ್ಲೇ ಬಂದು ಬಡ್ಡಿ ಕೇಳುತ್ತಿದ್ದ.

ತಮ್ಮ ಅತ್ತೆಯವರು ಆಗ, "ಇನ್ನೊಂದ್ಸಲ ಸಾಲ ಮಾಡಿ ನೋಡಿ, ನಿಮ್ಮನ್ನೇ ಕಾಗದದಲ್ಲಿ ಸುತ್ತಿ ಅಕ್ಕನಿಗೆ ಕೊಟ್ಬಿಡ್ತೀನಿ" ಅಂದರು. ಅವರು ಅಂದದ್ದನ್ನು ಮಾಡುವವರೇ.

೨. ಆದ್ದರಿಂದ ಮರುವರ್ಷ ನಾನು ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಇಟ್ಟಿಗೆ ಇಟ್ಟು, ಬಣ್ಣದ ಕಾಗದ ಸುತ್ತಿ, ಗೋಡೆ ನೆಟ್ಟಗಿದೆಯೇ ನೋಡಲು ಹಿಡಿಯುವ ನೂಲಿನಿಂದ ಬಿಗಿದು ಅಕ್ಕನಿಗೆ ಕೊಟ್ಟೆ. ಬೈಗುಳಕ್ಕೆ ಕಾದು ಕೂತೆ. ಫೋನ್ ಬಂತು.

"ಲೋ, ಎಷ್ಟು ಚೆನ್ನಾಗಿದ್ಯೋ! ದಿನಾ ಅದರಲ್ಲೇ ಕಾಫಿ ಕುಡೀತೀವಿ."

ಇಟ್ಟಿಗೆಯಲ್ಲಿ!

೩. ಏಳನೇ ದಿನ ನನ್ನ ಕಡೇ ತಮ್ಮ ದೊಡ್ಡದೊಂದು ಪೆಟ್ಟಿಗೆ ತಂದುಕೊಟ್ಟ. ಮೂಲೆ ಹರಿದು ನೋಡಿದೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು. ತಳದಲ್ಲಿ ನನ್ನದೇ ನೂಲು, ನನ್ನದೇ ಗಂಟು. ಒಬ್ಬರೂ ಬಿಚ್ಚದೆ, ಮೇಲೊಂದು ಪದರ ಸುತ್ತಿ ದಾಟಿಸಿದ್ದಾರೆ! ನಾನೂ ತಮ್ಮನಿಗೆ ಫೋನ್ ಮಾಡಿ, "ಮೈಗೆ ಸರಿಯಾಗಿ ಕೂತಿದೆ ಕಣೋ" ಅಂದೆ. ಅವನು, "ನೀನು ಸ್ವಲ್ಪ ದಪ್ಪಗಾಗಿದ್ದೀಯ ಅಂತ ಸಡಿಲದ್ದೇ ತಗೊಂಡೆ ಅಣ್ಣ" ಅಂದ.

೪. ಐದು ವರ್ಷ ಹೀಗೇ ಸುತ್ತಿದೆ. ಮೊದಲ ವರ್ಷ ಕಂಕುಳಲ್ಲಿ ಹೋದದ್ದು ಕಳೆದ ವರ್ಷ ಕೈಗಾಡಿಯಲ್ಲಿ ಬಂತು. ಇವತ್ತು ನಾನು ಹಾಕಿದ್ದು ಮೂವತ್ತಾರನೇ ಪದರ. ಏಳು ಮನೆಯಲ್ಲೂ ರಜೆಗೆಂದು ಒಂದು ಕಾಸು ಸಾಲವಿಲ್ಲ. ನನ್ನ ಸೈಕಲ್ಲು ನನ್ನ ಬಾಗಿಲಲ್ಲೇ ಇದೆ.

೫. ಹೀಗಿರುವಾಗ ಎಂಟನೇ ಮನೆಯಾಗಿ ತಾವು ಬಂದಿರಿ. ನನ್ನ ನಂತರ ತಮ್ಮ ಸರದಿ. ಭಾನುವಾರ ತಾವು, "ಮಾವ, ನಾನು ಕೊಟ್ಟೋರ ಎದುರಿಗೇ ಬಿಚ್ಚೋನು. ಮುಚ್ಚಿದ್ದು ಕಂಡ್ರೆ ನನ್ ಕೈ ಸುಮ್ಮನಿರಲ್ಲ" ಅಂದಿರಿ. ತಾವು ಬಿಚ್ಚಿದರೆ ಅಕ್ಕನ ಕಾಫಿ, ನನ್ನ ಅಂಗಿ, ತಮ್ಮ ಅತ್ತೆಯವರ ಮುಂದೆ ನನ್ನ ಮಾನ ಎಲ್ಲ ಬಯಲು. ಅದಾದ ಮೇಲೆ ಎಂಟು ಮನೆಯವರೂ ನಿಜವಾದ ಉಡುಗೊರೆ ಕೊಳ್ಳಬೇಕು. ಸಾಲ ಕೊಡುವವನು ನನ್ನ ಸೈಕಲ್ಲನ್ನು ಈಗಲೂ ದೂರದಿಂದ ನೋಡಿ ನಗುತ್ತಾನೆ.

ಆದಕಾರಣ, ತಾವು ಮೂವತ್ತೇಳನೇ ಪದರ ಹಾಕಿ ಅದನ್ನು ದೊಡ್ಡಕ್ಕನಿಗೆ ದಾಟಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಮಾವ

ಅಡಕ:
೧. ಸದರಿ ಉಡುಗೊರೆ. ಬಾಗಿಲಲ್ಲಿ ತೂರದ ಕಾರಣ ಅಂಗಡಿ ಮುಂದೆ ಇಳಿಸಿದೆ.
೨. ಸುತ್ತಲು ಕಾಗದ. ಹಿಂದಿನ ವರ್ಷದ್ದೇ, ಇಸ್ತ್ರಿ ಮಾಡಿದ್ದೇನೆ.

ವಿ.ಸೂ.: ಇಲ್ಲಿಯವರೆಗೆ ಓದಿದ ಮೇಲೆ ತಾವೂ ಇದರಲ್ಲಿ ಪಾಲುದಾರರು. ಆದ್ದರಿಂದ ಈಗಲೇ ತಮ್ಮ ಅತ್ತೆಯವರಿಗೆ ಫೋನ್ ಮಾಡಿ, ಉಡುಗೊರೆ ಬಹಳ ಉಪಯೋಗಕ್ಕೆ ಬಂತು ಎಂದು ತಿಳಿಸತಕ್ಕದ್ದು. ಏನು ಎಂದು ಮಾತ್ರ ಹೇಳಬೇಡಿ; ನಾನು ಆಗಲೇ ಅವರಿಗೆ ಒಂದು ವಸ್ತುವಿನ ಹೆಸರು ಹೇಳಿಬಿಟ್ಟಿದ್ದೇನೆ.