ಪೇರಲೆ ಮರದ ಡಿಸ್ಕು

ನಾನು ಗಣಿತದ ಮೇಷ್ಟ್ರು, ಹುಟ್ಟಾ ಪುಕ್ಕಲು. ಹಾವಿಗೂ ಹೆಡ್‌ಮಾಸ್ಟರಿಗೂ ಸಮನಾಗಿ ಹೆದರುತ್ತೇನೆ. ಹಾವಾದರೂ ದಾರಿ ಬಿಟ್ಟರೆ ಸರಿದು ಹೋಗುತ್ತದೆ. ಪುಕ್ಕಲರಿಗೆ ಒಂದು ಕೆಟ್ಟ ಚಾಳಿಯಿದೆ, ಹೆದರಿಕೆ ಮುಚ್ಚಿಕೊಳ್ಳಲು ಜಂಬ ಕೊಚ್ಚುವುದು. ಹತ್ತನೇ ತರಗತಿಯ ಗಣಿತದ ಪ್ರಶ್ನೆಪತ್ರಿಕೆಯನ್ನು ಟೈಪಿಂಗ್ ಅಂಗಡಿಗೆ ಕೊಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಹೆಡ್‌ಮಾಸ್ಟರು ಗೊಣಗಿದಾಗ, "ನನ್ನ ಲ್ಯಾಪ್‌ಟಾಪಲ್ಲೇ ಮಾಡ್ತೀನಿ ಸಾರ್, ಎಲ್ಲಾ ಸ್ವಂತ ಪ್ರಶ್ನೆ" ಎಂದುಬಿಟ್ಟೆ. ಲ್ಯಾಪ್‌ಟಾಪು ನನ್ನದಾಗಿ ಒಂದು ತಿಂಗಳಾಗಿತ್ತಷ್ಟೆ. ಭದ್ರಾವತಿಯ ಕಾಗದನಗರದಲ್ಲಿದ್ದ ಎಂಜಿನಿಯರ್ ರುದ್ರಪ್ಪನವರಿಂದ ಸೆಕೆಂಡ್‌ಹ್ಯಾಂಡ್ ಕೊಂಡದ್ದು.

ಶನಿವಾರ ಟೈಪು ಮಾಡಿ ಮುಗಿಸಿದೆ. ಭಾನುವಾರ ಬೆಳಗ್ಗೆ ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಅದನ್ನು ತೆರೆಯಹೋದರೆ ಆಫೀಸ್ ಸಾಫ್ಟ್‌ವೇರ್ ಮುಷ್ಕರ ಹೂಡಿತು. ಏನೋ ಕೆಟ್ಟಿದೆ, ರಿಪೇರಿಯಾಗಬೇಕು, ಮೂಲ ಡಿಸ್ಕು ಹಾಕು ಎಂದಿತು. ಆಗದು ಎಂದು ಒತ್ತಿದರೆ ಮುಚ್ಚಿಕೊಂಡಿತು, ಸರಿ ಎಂದು ಒತ್ತಿದರೆ ಮತ್ತೆ ಡಿಸ್ಕು ಕೇಳಿತು. ಸೋಮವಾರ ಹತ್ತು ಗಂಟೆಗೆ ಪತ್ರಿಕೆ ಹೆಡ್‌ಮಾಸ್ಟರ ಮೇಜಿನ ಮೇಲಿರಬೇಕು. "ಕೈಯಲ್ಲೇ ಬರೆದು ಕೊಡಿ ಮಾರಾಯ್ರೆ, ಅದಕ್ಕೇನಂತೆ" ಎಂದಳು ನನ್ನ ಹೆಂಡತಿ. ಜಂಬ ಕೊಚ್ಚಿದವನ ಕಷ್ಟ ಅವಳಿಗೇನು ಗೊತ್ತು.

ಲ್ಯಾಪ್‌ಟಾಪನ್ನು ಜ್ವರದ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಭದ್ರಾವತಿ ಬಸ್ಸು ಹತ್ತಿದೆ. "ಡಿಸ್ಕಾ? ನಮ್ಮನೆಯವ್ರನ್ನ ಕೇಳಿ" ಎಂದರು ರುದ್ರಪ್ಪ. ಅವರ ಪತ್ನಿ ಗಿರಿಜಮ್ಮ ಸೌತೆಕಾಯಿ ಹೆಚ್ಚುತ್ತಲೇ ಹಿತ್ತಲಿನ ಕಡೆ ಕೈ ತೋರಿಸಿದರು. ಅಲ್ಲಿನ ಪೇರಲೆ ಮರದಲ್ಲಿ ಆರೇಳು ಡಿಸ್ಕುಗಳು ದಾರದಲ್ಲಿ ನೇತಾಡುತ್ತಿದ್ದವು. "ಸುಮ್ನೆ ಬಿದ್ದಿದ್ವು, ಗಿಳಿ ಓಡ್ಸೋಕೆ ಕಟ್ಟಿದೆ. ಒಂದು ಗಿಳೀನೂ ಹೆದರ್ಲಿಲ್ಲ" ಎಂದರು. ನಾನಂತೂ ಹೆದರಿದೆ.

ಸ್ಟೂಲು ಹತ್ತಿ ಎಲ್ಲವನ್ನೂ ಬಿಚ್ಚಿದೆ. ಬಿಸಿಲಿಗೆ ಹೆಸರುಗಳು ಮಾಸಿಹೋಗಿದ್ದವು. ಮೊದಲನೆಯದರಲ್ಲಿ ಭಕ್ತಿಗೀತೆ, ಎರಡನೆಯದರಲ್ಲಿ ಯಾರದೋ ಮದುವೆ. ಮೂರನೆಯದನ್ನು ಗಿರಿಜಮ್ಮ ಸೋಪು ನೀರಿನಲ್ಲಿ ತೊಳೆದು ಸೆರಗಿನಲ್ಲಿ ಒರೆಸಿ ಕೊಟ್ಟರು. ಯಂತ್ರ ಗರಗರ ಎಂದಿತು. ಪರದೆಯ ಮೇಲೆ ನೀಲಿ ಪಟ್ಟಿ ತೆವಳುತ್ತಾ ಬಂದು ಅರ್ಧಕ್ಕೆ ನಿಂತಿತು. ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಯಾವ ದೇವರು ಒಪ್ಪಿಕೊಂಡನೋ, ರಿಪೇರಿ ಮುಗಿದು ಪ್ರಶ್ನೆಪತ್ರಿಕೆ ತೆರೆದುಕೊಂಡಿತು.

ಗಿರಿಜಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದರು. ಪತ್ರಿಕೆ ಗುಟ್ಟಿನದೇ ಆದರೂ, ಡಿಸ್ಕು ತೊಳೆದುಕೊಟ್ಟವರ ಮುಖದೆದುರೇ ಲ್ಯಾಪ್‌ಟಾಪು ಮುಚ್ಚುವುದು ಹೇಗೆ?

"ಮೂರು, ನಾಲ್ಕು, ಎಂಟು ಸೆಂಟಿಮೀಟರ್ ಬಾಹುಗಳ ತ್ರಿಭುಜ ರಚಿಸಿ" ಎಂದು ಓದಿದರು. "ಇಂಥ ತ್ರಿಭುಜ ಆಗಲ್ಲ ಮೇಷ್ಟ್ರೇ. ಮೂರೂ ನಾಲ್ಕೂ ಸೇರಿದ್ರೂ ಎಂಟು ಮುಟ್ಟಲ್ಲ." ಕನ್ನಡಕ ತೆಗೆದು ಹೇಳಿದರು: "ನಾನೂ ಗಣಿತದ ಟೀಚರಾಗಿದ್ದೆ. ಆರು ವರ್ಷದ ಹಿಂದೆ ಜಿಲ್ಲೆಗೆಲ್ಲ ಈ ಪೇಪರ್ ತೆಗೆದೋಳು ನಾನೇ. ಆರು ಅಂತ ಬರೆಯೋ ಕಡೆ ಎಂಟು ಬರೆದು ಎಲ್ಲರ ಹತ್ರ ಬೈಸ್ಕೊಂಡೆ. ನೀವು ಆ ತಪ್ಪನ್ನೂ ಬಿಟ್ಟಿಲ್ಲ."

ಶಾಲೆಯ ಬೀರುವಿನಲ್ಲಿ ಸಿಕ್ಕ ಹಳೆಯ ಪತ್ರಿಕೆಯನ್ನು ನಾನು ಒಂದಕ್ಷರ ಬಿಡದೆ ಇಳಿಸಿದ್ದು ನಿಜ. "ಹೆಡ್‌ಮಾಸ್ಟರಿಗೆ ಹೇಳ್ತೀರಾ ಮೇಡಂ?" ಎಂದೆ.

ಆಕೆ ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. "ಎಲ್ಲಾ ಅಳ್ಸಿ. ಸ್ವಂತವಾಗಿ ಬರೀರಿ. ಸಂಜೆ ಬಸ್ಸಿಗೆ ಇನ್ನೂ ಟೈಮಿದೆ."

ಹತ್ತು ವರ್ಷ ಮಕ್ಕಳಿಂದ ಪರೀಕ್ಷೆ ಬರೆಸಿದವನು ಅವತ್ತು ಗೋಡೆ ಗಡಿಯಾರ ನೋಡುತ್ತಾ, ಉಗುರು ಕಚ್ಚುತ್ತಾ ಬರೆದೆ. ನಾಲ್ಕು ಪ್ರಶ್ನೆಗಳನ್ನು ಆಕೆ ತಿದ್ದಿ ಬರೆಸಿದರು. ಸೋಮವಾರ ಹೆಡ್‌ಮಾಸ್ಟರು ಓದಿ ಸಹಿ ಹಾಕಿದರು. ನನಗೆ ಮಾತ್ರ ಸಮಾಧಾನವಿಲ್ಲ. ನಾನು ಪಾಸಾದೆನೋ ಇಲ್ಲವೋ, ಗಿರಿಜಮ್ಮ ಇನ್ನೂ ಹೇಳಿಲ್ಲ. ಕೇಳಲು ಧೈರ್ಯವಿಲ್ಲ.