ಕೈಜಮ್ಮನ ಅಸಲು ಲಿವರ್

ಒಬ್ಬ ವ್ಯಕ್ತಿಗೆ ಒಂದೇ ಯಕೃತ್ತು ಇರತಕ್ಕದ್ದು ಎಂಬುದು ನೆರೆರಾಜ್ಯ ಶಸ್ತ್ರಕ್ರಿಯಾ ಅನುಮತಿ ಸಮಿತಿಯ ಮೂರನೇ ನಿಯಮ. ಯಕೃತ್ತು ಅಂದರೆ ನಾವು ನೀವು ಹೇಳುವ ಲಿವರ್. ಕಾಸರಗೋಡಿನವರು ಗಡಿ ದಾಟಿ ಮಂಗಳೂರಿನಲ್ಲಿ ಸರಕಾರದ ಸಹಾಯದಿಂದ ಹೊಟ್ಟೆ ಕೊಯ್ಯಿಸಿಕೊಳ್ಳಬೇಕಾದರೆ ಈ ಸಮಿತಿ ಒಪ್ಪಬೇಕು. ೨೦೧೭ರಲ್ಲಿ ವರ್ಕಾಡಿಯ ಕೈಜಮ್ಮನಿಗೆ ಲಿವರ್ ಎರಡಾಯಿತು. ತಪ್ಪು ಸಮಿತಿಯದ್ದಲ್ಲ, ಕೈಜಮ್ಮನದ್ದೇ. ಅದನ್ನು ಅವಳೇ ಎಲ್ಲರಿಗೂ ಹೇಳಿಕೊಂಡು ನಗುತ್ತಾಳೆ.

ಮೂವತ್ತೆಂಟು ವರ್ಷ ಬೀಡಿ ಕಟ್ಟಿದ ಹೆಂಗಸು. ಆಡಿನ ಲಿವರ್ ಎಷ್ಟು ಹುರಿದಿದ್ದಳೋ ಲೆಕ್ಕವಿಲ್ಲ. ತನಗೂ ಒಂದು ಉಂಟೆಂದು ಅದು ನೋಯುವ ತನಕ ವಿಚಾರಿಸಿದವಳಲ್ಲ. ಮಂಗಳೂರಿನ ಡಾಕ್ಟರ್ ಮುರಳೀಕೃಷ್ಣ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಆ ಚಿತ್ರಗಳನ್ನು ಪತ್ತಿರ್ ರೊಟ್ಟಿ ಪೇರಿಸಿದ ಹಾಗೆ ಕಂಪ್ಯೂಟರಿನಲ್ಲಿ ಪೇರಿಸಿ, ಅವಳ ಲಿವರಿನದ್ದೇ ಅಳತೆಯ ಪ್ಲಾಸ್ಟಿಕ್ ಮಾದರಿ ತಯಾರಿಸಿದರು. ಮೈ ಗಾಜಿನ ಹಾಗೆ; ಒಳಗೆ ಕೆಂಪು, ನೀಲಿ ನಾಳಗಳು; ಒಂದು ನೀಲಿ ನಾಳದ ಬಗಲಲ್ಲಿ ಅಡಿಕೆಯಷ್ಟು ಹಳದಿ ಗಡ್ಡೆ.

"ಗಡ್ಡೆ ಈ ನಾಳವನ್ನು ಮುಟ್ಟುವ ಮೊದಲು ತೆಗೀಬೇಕು. ಎಲ್ಲಿಂದ ಕೊಯ್ಯುವುದೂಂತ ಇದರಲ್ಲಿ ಗುರುತು ಮಾಡಿದ್ದೇವೆ. ಒಂದು ತಿಂಗಳು, ಅದಕ್ಕಿಂತ ತಡ ಆದರೆ ಕೊಯ್ಯಲಿಕ್ಕೆ ಆಗ್ಲಿಕ್ಕಿಲ್ಲ," ಎಂದ ಡಾಕ್ಟರು ಮಾದರಿಯನ್ನು ಸಮಿತಿಗೆ ತೋರಿಸಲೆಂದು ಕೊಟ್ಟರು.

ಸಮಿತಿಯ ಗುಮಾಸ್ತ ಲೋಕನಾಥ ಅರ್ಜಿ ನೋಡಿ, "ಅಸಲು ಎಲ್ಲಿ?" ಎಂದ.

ಅಸಲು ತಂದಿಲ್ಲ ಎಂದವರಿಗೆ ಕಚೇರಿ ಏನು ಹೇಳುತ್ತದೆಂದು ಕೈಜಮ್ಮನಿಗೆ ಗೊತ್ತು: ನಾಳೆ ಬನ್ನಿ. ಗಡಬಡಿಸಿ ಪ್ಲಾಸ್ಟಿಕ್ ಲಿವರನ್ನು ಮೇಜಿನ ಮೇಲಿಟ್ಟು, "ಇದೇ ಅಸಲು" ಎಂದಳು.

"ನಕಲು?"

ಅವಳು ತನ್ನ ಹೊಟ್ಟೆ ತೋರಿಸಿದಳು.

"ದೃಢೀಕರಣ ಆಗಿಲ್ಲ," ಎಂದ ಲೋಕನಾಥ, ಅವಳ ಮುಂಗೈಗೆ ಮೊಹರು ಒತ್ತಿದ. ಮೊಹರಿನ ಅಕ್ಷರ: "ನಕಲು. ಅಸಲಿನೊಂದಿಗೆ ತಾಳೆ ನೋಡಲಾಗಿದೆ."

"ಎಂತ ಉಮ್ಮ ನೀವು ಹೇಳಿದ್ದು!" ಮಗಳು ನಸೀಬಾ ಪಿಸುಗುಟ್ಟಿದಳು.

"ಸುಮ್ಮನಿರು ಮಾರಾಯ್ತಿ, ಬಸ್ಸು ತಪ್ತದೆ."

ಸಮಿತಿಯ ಐವರು ಸದಸ್ಯರು ಮಾದರಿಯನ್ನು ಕೈಯಿಂದ ಕೈಗೆ ದಾಟಿಸಿದರು. ಅಧ್ಯಕ್ಷ ಶಿವಸುಬ್ರಹ್ಮಣ್ಯರು, "ಇಷ್ಟು ಅಂದದ ಯಕೃತ್ತು ನಮ್ಮ ಜಿಲ್ಲೆಯಲ್ಲಿ ನೋಡಿಲ್ಲ" ಎಂದರು. ಕೈಜಮ್ಮ ನಾಚಿ ಶಾಲು ಎಳೆದುಕೊಂಡಳು. ಅವಳ ಯಾವ ಭಾಗವನ್ನೂ ಯಾರೂ ಹೀಗೆ ಹೊಗಳಿದ್ದಿಲ್ಲ, ಗಂಡ ಕೂಡ. ಆ ಸಂಭ್ರಮದಲ್ಲಿ ಆದೇಶವನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಆದೇಶ ಹೀಗಿತ್ತು: "ಅಸಲು ಯಕೃತ್ತಿನ ಗಡ್ಡೆಯನ್ನು ತೆಗೆಯತಕ್ಕದ್ದು. ನಕಲನ್ನು ಕಡತದೊಂದಿಗೆ ಇರಿಸತಕ್ಕದ್ದು."

ಆದ್ದರಿಂದ ಕೈಜಮ್ಮನನ್ನು ಕಡತದ ಕೋಣೆಯ ಬೆಂಚಿನಲ್ಲಿ ಇರಿಸಲಾಯಿತು, ಹತ್ತರಿಂದ ಐದರವರೆಗೆ, ಭಾನುವಾರ ರಜೆ. ಅವಳು ಬೀಡಿಯ ಮೊರ ತಂದು ಅಲ್ಲೇ ಎಲೆ ಕತ್ತರಿಸಿದಳು. ಹತ್ತೊಂಬತ್ತನೇ ದಿನ ಜವಾನ ಚೆನ್ನಪ್ಪ ಸಮಿತಿಯ ಸಮ್ಮುಖದಲ್ಲಿ ಸ್ಕ್ರೂಡ್ರೈವರಿನಿಂದ ಹಳದಿ ಗಡ್ಡೆಯನ್ನು ಎಬ್ಬಿಸಿ ತೆಗೆದ. ರಕ್ತಸ್ರಾವ ಇಲ್ಲ. ಚಪ್ಪಾಳೆ ಬಿತ್ತು. ಕೈಜಮ್ಮನೂ ತಟ್ಟಿದಳು. ತಟ್ಟುವಾಗ ಪಕ್ಕೆಯಲ್ಲಿ ಛಳಕ್ ಎಂದಿತು.

"ಸಾರ್, ನನ್ನದು ಹಾಗೇ ಉಂಟಲ್ಲ?"

ಲೋಕನಾಥ ಸ್ಕ್ಯಾನಿನ ಹಾಳೆಯನ್ನೂ ಮಾದರಿಯನ್ನೂ ಹೋಲಿಸಿ ನೋಡಿದ. ಮುಖ ಕಪ್ಪಾಯಿತು. "ಅಸಲಿನಲ್ಲಿ ಗಡ್ಡೆ ಇಲ್ಲ, ನಕಲಿನಲ್ಲಿ ಉಂಟು! ಅಸಲಿನಲ್ಲಿ ಇಲ್ಲದ್ದನ್ನು ನಕಲಿನಲ್ಲಿ ಸೇರಿಸುವುದು ಅಪರಾಧ ಉಮ್ಮ."

ಡಾಕ್ಟರು ಹೇಳಿದ ತಿಂಗಳಲ್ಲಿ ಉಳಿದದ್ದು ಹನ್ನೊಂದು ದಿನ. ನಾಳದ ಹತ್ತಿರ ಗಡ್ಡೆ ತೆವಳುವುದು ಅವಳಿಗೆ ಕೇಳಿಸುವಂತಿತ್ತು. ಪ್ಲಾಸ್ಟಿಕ್ ಯಾವುದು, ಮನುಷ್ಯಳು ಯಾರು ಎಂದು ಈಗ ವಾದಿಸಿದರೆ ಅರ್ಜಿ ಮೊದಲಿನಿಂದ ಶುರು. ಕೈಜಮ್ಮ ಕೈ ಮುಗಿದಳು.

"ತಪ್ಪಾಯ್ತು ಸಾರ್. ಸೇರಿಸಿದವಳು ನಾನೇ. ನಕಲನ್ನು ಅಸಲಿನ ಹಾಗೆ ಮಾಡಿ ತರ್ತೇನೆ."

ಅಧ್ಯಕ್ಷರಿಗೆ ಆ ವಿನಯ ಹಿಡಿಸಿತು. ಅಂದೇ ನೋಟೀಸು ಕೊಟ್ಟರು: "ಏಳು ದಿನದೊಳಗೆ ಮಂಗಳೂರಿನಲ್ಲಿ ನಕಲಿನ ತಿದ್ದುಪಡಿ ಮಾಡಿಸತಕ್ಕದ್ದು. ವೆಚ್ಚ ಸರಕಾರದ್ದು. ತಪ್ಪಿದಲ್ಲಿ ಶಿಸ್ತುಕ್ರಮ."

ಡಾಕ್ಟರು ನೋಟೀಸನ್ನು ಎರಡು ಸಲ ಓದಿ, ಕೈ ತೊಳೆಯಲು ಹೋದರು. ಮಾದರಿ ಕಚೇರಿಯಲ್ಲಿದ್ದರೂ ಕಂಪ್ಯೂಟರಿನಲ್ಲಿ ಚಿತ್ರಗಳಿದ್ದವು, ಗಡ್ಡೆ ನಾಳವನ್ನು ಇನ್ನೂ ಮುಟ್ಟಿರಲಿಲ್ಲ. ಅದನ್ನು ಕೊಯ್ದು ತೆಗೆಯಲು ನಾಲ್ಕು ಗಂಟೆ ಹಿಡಿಯಿತು. ಹೊಸ ಸ್ಕ್ಯಾನನ್ನು ಸಮಿತಿ ತಾಳೆ ನೋಡಿ ಕಡತ ಮುಚ್ಚಿತು.

ಅಸಲು ಈಗಲೂ ಕಚೇರಿಯ ಬೀರುವಿನಲ್ಲಿ ಉಂಟು. ಕ್ಷೇಮ ವಿಚಾರಿಸಲು ಕಿತ್ತಳೆ ಹಿಡಿದು ಬರುವ ನೆಂಟರಿಗೆ ಕೈಜಮ್ಮ, "ನನ್ನನ್ನು ಕೇಳಿ ಎಂತ ಪ್ರಯೋಜನ? ಆಫೀಸಿಗೆ ಫೋನ್ ಮಾಡಿ," ಎನ್ನುತ್ತಾಳೆ. ನೆಂಟರು ಫೋನ್ ಮಾಡುತ್ತಾರೆ. ಲೋಕನಾಥ ಬೀರು ತೆರೆದು, ಧೂಳು ಒರೆಸಿ ನೋಡಿ, "ಸೌಖ್ಯ ಉಂಟು" ಎನ್ನುತ್ತಾನೆ. ಆಮೇಲೆಯೇ ಎಲ್ಲರಿಗೂ ಸಮಾಧಾನ.