ನನ್ನ ಮಗಳ ಅರ್ಧ ಸೇರು ಹಾಲು ಮತ್ತು ಊರಿನ ಹೊಸ ಪೈಲವಾನರು

ಶಿಗ್ಗಾಂವ, ೧೨ ಜನವರಿ ೧೯೮೪

ಮಾನ್ಯ ಉಸ್ತಾದ ಅಕ್ಬರಸಾಬರೇ,

ನಮ್ಮ ಓಣಿಯ ಕುಸ್ತಿ ತಾಲೀಮಿನ ಕೆಮ್ಮಣ್ಣಿಗೂ, ಅದನ್ನು ಮೂವತ್ತು ವರ್ಷದಿಂದ ಎಣ್ಣೆ ಮಜ್ಜಿಗೆ ಹಾಕಿ ಸಾಕಿದ ತಮ್ಮ ಕೈಗಳಿಗೂ ನಮಸ್ಕರಿಸಿ, ತಾಲೀಮಿನ ಹಿಂದಿನ ಮನೆಯ ಸರೋಜವ್ವ, ಬಿ.ಎ., ಒಂಬತ್ತು ತಿಂಗಳ ಹೆಣ್ಣುಮಗುವಿನ ತಾಯಿ, ಮೂರು ವಾರದಿಂದ ನಿದ್ದೆ ಕಾಣದವಳು, ಊರೆಲ್ಲ ಓದಲೆಂದೇ ಪತ್ರಿಕೆಯ ಮೂಲಕ ಬರೆಯುವ ಪತ್ರವಿದು.

ನಮ್ಮ ಮಾಳಿಗೆಯ ಕೋಣೆಯಲ್ಲಿರುವ ಕೆನ್ಯಾ ದೇಶದ ಒಟಿಯೆನೊ ಅವರು ಧಾರವಾಡದಲ್ಲಿ ಕೃಷಿ ಓದುತ್ತ, ಈ ಕಡೆಯ ಜೋಳದ ರೋಗ ನೋಡಲು ಬಂದ ವಿದ್ಯಾರ್ಥಿ. ಹೋದ ಹೋದ ಹೊಲದಲ್ಲಿ ರೈತರು ಹೋಳಿಗೆ ತುಪ್ಪ ಬಡಿಸಿ ಅವರ ಪ್ಯಾಂಟಿನ ಗುಂಡಿ ಹಾರಿಸಿದ್ದರಿಂದ, ಹೊಟ್ಟೆ ಕರಗಿಸಲು ವ್ಯಾಯಾಮದ ಜಾಗ ಎಲ್ಲಿದೆಯೆಂದು ನನ್ನನ್ನು ಕೇಳಿದರು. ತಾಲೀಮು ತೋರಿಸಿದವಳು ನಾನೇ. ಬರಿಗೈಲಿ ಹೋಗಬಾರದೆಂದು ತೆಂಗಿನಕಾಯಿ, ಕಲ್ಲುಸಕ್ಕರೆ, ಒಂದು ರುಮಾಲು ಕೊಟ್ಟು ಕಳಿಸಿದವಳೂ ನಾನೇ. ಅದು ಪ್ರವೇಶ ಶುಲ್ಕವೆಂದು ತಿಳಿದು ಅವರು ಹನುಮಪ್ಪನ ಪಟದ ಮುಂದಿಟ್ಟರು. ತಾವು ಅದೇ ರುಮಾಲನ್ನು ಅವರ ತಲೆಗೆ ಸುತ್ತಿ, ಶಿಷ್ಯನೆಂದು ಸಾರಿ, ಹಾನಗಲ್ಲಿನ ಕುಸ್ತಿಗೆ ಹೆಸರೂ ಕೊಟ್ಟುಬಿಟ್ಟಿರಿ. ಒಂದು ತಿಂಗಳಿಗೆಂದು ಸೇರಿದ ಮನುಷ್ಯನನ್ನು ಈ ಜನ್ಮಕ್ಕೆ ಸೇರಿಸಿಕೊಂಡ ತಮ್ಮ ಔದಾರ್ಯ ದೊಡ್ಡದು.

ಊರಿನ ಪೈಲವಾನರಿಗೆ ಓಣಿಯವರು ಹಾಲು ಹಾಕುವ ಪದ್ಧತಿಯನ್ನು ನಾನು ಗೌರವಿಸುತ್ತೇನೆ. ಆದರೆ ನನ್ನ ಹಾಲು ಸಾಲದ ಕೂಸಿಗೆ ಹಾಲು ಮಾರುವ ಯಂಕವ್ವನ ಎಮ್ಮೆ ಕೊಡುತ್ತಿದ್ದ ಅರ್ಧ ಸೇರು ಈಗ ತಾಲೀಮಿಗೆ ಹೋಗುತ್ತಿದೆ. ಚರಿಗೆ ಹಿಡಿದು ಹೋದರೆ ಯಂಕವ್ವ, ‘ನಿನ್ನ ಕೂಸು ಇವತ್ತಿಲ್ಲ ನಾಳೆ ದೊಡ್ಡದಾಗತೈತಿ ತಂಗಿ, ಹಾನಗಲ್ಲ ಕುಸ್ತಿ ನಿಂದ್ರತೈತೇನ? ನಮ್ಮ ಪೈಲವಾನ ಬಿದ್ದರ ಓಣಿ ಮಾನ ಹೋಗತೈತಿ’ ಎನ್ನುತ್ತಾಳೆ. ಇನ್ನು ಆ ಪೈಲವಾನರಿಗೋ ಹಾಲು ಕಂಡರೆ ಹೊಟ್ಟೆ ತೊಳಸುತ್ತದೆ. ಅದನ್ನು ಅವರು ಹೊಟ್ಟೆ ಹಿಡಿದು, ತಲೆಯಾಡಿಸಿ ತೋರಿಸಿದರೆ ತಾವು, ‘ಸಾಲವಲ್ದಂತ ನೋಡ್ರಿ, ಇನ್ನೊಂದು ಚರಿಗಿ ತರ್ರಿ’ ಎಂದಿರಂತೆ.

ಡಬ್ಬಿಯ ಪುಡಿ ಕಲಸಿ ಕೊಟ್ಟರೆ ನನ್ನ ಮಗಳು ನನ್ನ ಮುಖಕ್ಕೇ ಉಗುಳಿ, ಪೈಲವಾನರ ದಂಡ-ಬಸ್ಕಿಯ ತಾಳಕ್ಕೆ ಸರಿಯಾಗಿ ಅಳುತ್ತಾಳೆ. ದವಾಖಾನೆಯ ತಕ್ಕಡಿಯಲ್ಲಿ ಅವಳು ಪಾವು ಕಿಲೋ ಇಳಿದಿದ್ದಾಳೆ. ಅವರು ಆರು ಕಿಲೋ ಏರಿದ್ದಾರೆ. ಇಳಿಯಲು ಬಂದವರನ್ನು ಏರಿಸಿ, ಏರಬೇಕಾದವಳನ್ನು ಇಳಿಸುವ ಇಂಥ ವ್ಯಾಯಾಮ ಸವಣೂರು, ಹಿರೇಕೆರೂರಿನ ಯಾವ ತಾಲೀಮಿನಲ್ಲೂ ಇರಲಾರದು.

ಆದ್ದರಿಂದ ನನ್ನ ಮಗಳನ್ನೂ ತಾವು ಪೈಲವಾನಳಾಗಿ ಸೇರಿಸಿಕೊಂಡು ಅವಳ ಪಾಲಿನ ಹಾಲು ಮಂಜೂರು ಮಾಡಬೇಕೆಂದು ಕೋರುತ್ತೇನೆ. ದಿನವೂ ಮೈಗೆ ಎಣ್ಣೆ ತಿಕ್ಕಿಸಿಕೊಳ್ಳುವ, ಲಂಗೋಟಿ ಕಟ್ಟಿಸಿಕೊಳ್ಳುವ ರೂಢಿ ಅವಳಿಗಿದೆ. ಮೂಗು ಹಿಡಿದು ತಿರುವುವ ಪಟ್ಟನ್ನು ಯಾರೂ ಕಲಿಸದೆ ಕಲಿತಿದ್ದಾಳೆ, ಅಪ್ಪನನ್ನು ಚಿತ್ ಮಾಡಿ ಎದೆಯ ಮೇಲೆ ಕೂತದ್ದಕ್ಕೆ ನಾನೇ ಸಾಕ್ಷಿ. ಹೆಣ್ಣು ಒಳಗೆ ಬರಬಾರದೆಂಬ ನಿಯಮವಿದ್ದರೆ ಅದನ್ನು ದಯವಿಟ್ಟು ಎಮ್ಮೆಗೂ ಅನ್ವಯಿಸಿ, ಅದರ ಹಾಲನ್ನು ಹೊಸ್ತಿಲಾಚೆಯೇ ನಿಲ್ಲಿಸಬೇಕು.

ತಮ್ಮ ಗೋಡೆಯಾಚೆ ಕೂಸನ್ನು ಹೆಗಲಿಗೆ ಹಾಕಿಕೊಂಡು ತಿರುಗುತ್ತಲೇ ಇರುವ,
ತಮ್ಮ ವಿಶ್ವಾಸಿ,
ಸರೋಜವ್ವ

ತಾ.ಕ.: ಅಂಚೆಗೆ ಹಾಕಲು ಪುರಸೊತ್ತಾಗದೆ ಈ ಪತ್ರ ನಾಲ್ಕು ದಿನ ಮನೆಯಲ್ಲೇ ಉಳಿಯಿತು. ಅಷ್ಟರಲ್ಲಿ ಒಟಿಯೆನೊ ಅವರಿಗೆ ಇದನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ದಿನವೂ ಕುಡಿಯುತ್ತಿರುವುದು ಯಾರ ಹಾಲೆಂದು ಅವರಿಗೆ ಆಗಲೇ ತಿಳಿದದ್ದು. ಅಂದಿನಿಂದ ಅವರು ಬಾಯಿ ಒರೆಸಿಕೊಳ್ಳುವ ನಟನೆ ಮಾಡಿ, ಚರಿಗೆಯನ್ನು ಹಿಂದಿನ ಗೋಡೆಯ ಮೇಲಿಂದ ನನಗೆ ದಾಟಿಸುತ್ತಿದ್ದಾರೆ. ನಿನ್ನೆ ತಾವು ಅವರ ರಟ್ಟೆ ಮುಟ್ಟಿ, ‘ಈಗ ನೋಡ್ರಿ, ಹಾಲು ಮೈಗೆ ಹತ್ತಾಕತ್ತೈತಿ’ ಎಂದದ್ದು ಇಲ್ಲಿಗೂ ಕೇಳಿಸಿತು. ತಮ್ಮ ಪರೀಕ್ಷೆಯಲ್ಲಿ ನನಗೆ ಪೂರ್ಣ ನಂಬಿಕೆಯಿದೆ. ಹಾಲನ್ನು ಮಾತ್ರ ಇನ್ನು ಮುಂದೆ ಬಾಗಿಲಿಗೇ ಕಳಿಸಿರಿ, ಗೋಡೆ ದಾಟುವಾಗ ಅರ್ಧ ಚೆಲ್ಲುತ್ತದೆ.